ಮಸೂದೆ ಸರ್ಕಾರದ್ದು, ಬಿಲ್ ಕಟ್ಟೋರು ಯಾರು? ಡಿವಿಜಿ ಬದುಕಿನ ಒಂದು ಓದು

2024ರ ಜುಲೈ 15ರಂದು ರಾಜ್ಯ ಸಚಿವ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕೈಗಾರಿಕೆ, ಕಾರ್ಖಾನೆ ಮತ್ತಿತರ ಸಂಸ್ಥೆಗಳ ಆಡಳಿತ ವರ್ಗದ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಮೀಸಲು ಅನ್ನೋದು ಅದರ ಸಾರ. 17ನೇ ತಾರೀಖು ಮುಗಿಯುವ ಹೊತ್ತಿಗೆ ಅದೇ ಸರ್ಕಾರ ಅದೇ ಮಸೂದೆಯನ್ನು ತಡೆಹಿಡಿಯಿತು.

ಆ ಎರಡು ದಿನ ಏನೇನಾಯ್ತು ನೆನಪಿದೆಯಾ? ಉದ್ಯಮಿಗಳು ಟ್ವೀಟ್ ಮಾಡಿದರು. ನಾಸ್ಕಾಂ ಹೇಳಿಕೆ ಕೊಟ್ಟಿತು. ಮುಖ್ಯಮಂತ್ರಿಗಳ ಪೋಸ್ಟ್ ಬಂತು, ಅಳಿಸಿ ಹೋಯಿತು. ಆಂಧ್ರದ ಸಚಿವರು ನಮ್ಮಲ್ಲಿಗೆ ಬನ್ನಿ ಅಂತ ಕಂಪನಿಗಳನ್ನು ಕರೆದರು. ಮಸೂದೆ ಪರ ಇದ್ದವರು ಸ್ವಾಭಿಮಾನ ಅಂದರು, ವಿರುದ್ಧ ಇದ್ದವರು ಸರ್ವನಾಶ ಅಂದರು. ಆದರೆ ಜನರ ಮುಂದೆ ಒಂದು ಹಾಳೆ ಲೆಕ್ಕ ಬರಲಿಲ್ಲ. ನರಸಾಪುರದಲ್ಲಿ ಎಷ್ಟು ಕೆಲಸ ಹೊಸದಾಗಿ ನಮ್ಮ ಹುಡುಗರಿಗೆ ಸಿಗುತ್ತೆ, ಮಾಲೂರಿನ ಎಷ್ಟು ಸಣ್ಣ ಘಟಕಗಳಿಗೆ ಹೊರೆಯಾಗುತ್ತೆ ಅಂತ ಸರ್ಕಾರವೂ ಹೇಳಲಿಲ್ಲ, ವಿರೋಧಿಸಿದವರೂ ಹೇಳಲಿಲ್ಲ.

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಭಾರದ ಲೆಕ್ಕ ಹಾಕದ ಸೇತುವೆಯ ನಕ್ಷೆಗೆ ಯಾರೂ ಸಹಿ ಹಾಕಲ್ಲ. ಸೇತುವೆಗಿಂತ ಜಾಸ್ತಿ ಜನರನ್ನು ಹೊರುವ ಕಾಯ್ದೆಗೆ ಮಾತ್ರ ಆ ಕಟ್ಟುಪಾಡಿಲ್ಲ. ಇದನ್ನು ಯೋಚಿಸುವಾಗೆಲ್ಲ ನನಗೆ ನೆನಪಾಗೋದು ಮುಳಬಾಗಿಲಿನ ಒಬ್ಬ ಪತ್ರಕರ್ತ. ಮೆಟ್ರಿಕ್ ಫೇಲಾದವರು. ನಮ್ಮಲ್ಲಿ ಬಹಳ ಜನಕ್ಕೆ ಅವರು ಕಗ್ಗದ ಅಜ್ಜ ಮಾತ್ರ. ಡಿ.ವಿ. ಗುಂಡಪ್ಪನವರ ಇನ್ನೊಂದು ಬದುಕನ್ನು ಇವತ್ತಿನ ರಾಜಕೀಯದ ಪಕ್ಕದಲ್ಲಿಟ್ಟು ಓದಬೇಕು ಅಂತ ನನ್ನ ವಾದ.

ಸೋಡಾ ಕಾರ್ಖಾನೆಯಿಂದ ಪತ್ರಿಕೆಗೆ

ಡಿವಿಜಿ ಹುಟ್ಟಿದ್ದು 1887ರ ಮಾರ್ಚ್ 17ರಂದು, ಮುಳಬಾಗಿಲಿನಲ್ಲಿ. ಮೆಟ್ರಿಕ್ ಪಾಸಾಗಲಿಲ್ಲ, ಹಾಗಾಗಿ ಸರ್ಕಾರಿ ನೌಕರಿಯ ಬಾಗಿಲು ಮುಚ್ಚಿತು. ಕೋಲಾರ ಚಿನ್ನದ ಗಣಿ ಪ್ರದೇಶದ ಒಂದು ಸೋಡಾ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಹಚ್ಚುವ ಕಡೆಯೂ ದುಡಿದರು. ಅಲ್ಲಿಂದ ಪತ್ರಿಕೆಗಳ ಕಡೆ ಬಂದರು.

ಜೀವನಚರಿತ್ರೆಗಳು ಈ ಭಾಗವನ್ನು ಬಡತನದ ಕತೆಯಾಗಿ ಹೇಳಿ ಮುಂದೆ ಹೋಗುತ್ತವೆ. ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಗಣಿ ಊರಿನ ಸೋಡಾ ಕಾರ್ಖಾನೆ ಬದುಕೋದು ಗಣಿ ಕಾರ್ಮಿಕರ ಕೂಲಿಯ ಮೇಲೆ. ಗಣಿಯ ಮೇಲೆ ಒಂದು ನಿಯಮ ಬಿದ್ದರೆ ಅದರ ಪೆಟ್ಟು ಕಂಪನಿಯಲ್ಲಿ ನಿಲ್ಲಲ್ಲ. ಕಾರ್ಮಿಕನ ಜೇಬಿಗೆ, ಅಲ್ಲಿಂದ ಸೋಡಾ ಅಂಗಡಿಗೆ, ಅಲ್ಲಿಂದ ಅದರ ಗುಮಾಸ್ತನಿಗೆ ಇಳಿಯುತ್ತೆ. ಖಾಸಗಿ ಉದ್ಯಮದ ಮೇಲೆ ಕಾಯ್ದೆಯ ಪರಿಣಾಮ ಅಂದಾಗ ನಾವು ನೋಡೋದು ಮೊದಲ ಮೆಟ್ಟಿಲನ್ನು ಮಾತ್ರ. ಡಿವಿಜಿ ದುಡಿಮೆ ಶುರುವಾಗಿದ್ದು ಮೂರನೇ ಮೆಟ್ಟಿಲಲ್ಲಿ.

1908: ಕಸುಬನ್ನೇ ಹೊಡೆದ ಕಾಯ್ದೆ

ಅವರು ಪತ್ರಿಕಾ ವೃತ್ತಿಗೆ ಬಂದ ಸ್ವಲ್ಪ ಕಾಲಕ್ಕೇ, 1908ರಲ್ಲಿ, ಮೈಸೂರು ಸಂಸ್ಥಾನ ಪತ್ರಿಕೆಗಳನ್ನು ನಿಯಂತ್ರಿಸುವ ಕಾಯ್ದೆ ತಂದಿತು. ಆಗ ದಿವಾನರು ವಿ.ಪಿ. ಮಾಧವರಾಯರು. ಪತ್ರಿಕೆ ನಡೆಸಬೇಕು ಅಂದರೆ ಸರ್ಕಾರದ ಅನುಮತಿ ಬೇಕು, ಕೊಟ್ಟ ಅನುಮತಿಯನ್ನು ಸರ್ಕಾರ ವಾಪಸ್ ತೆಗೆದುಕೊಳ್ಳಬಹುದು. ಮೈಸೂರಿನ ತಾತಯ್ಯ, ಅಂದರೆ ಎಂ. ವೆಂಕಟಕೃಷ್ಣಯ್ಯನವರು, ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಯುವಕ ಡಿವಿಜಿ ಕೆಲಸ ಹುಡುಕಿಕೊಂಡು ಮದರಾಸಿನ ಕಡೆ ಹೋಗಬೇಕಾಯಿತು.

ಇದನ್ನು ನಾವು ವಾಕ್ ಸ್ವಾತಂತ್ರ್ಯದ ಅಧ್ಯಾಯವಾಗಿ ಓದ್ತೀವಿ. ಸರಿ. ಆದರೆ ಪತ್ರಿಕೆ ಒಂದು ಖಾಸಗಿ ವ್ಯಾಪಾರವೂ ಹೌದು. ಮುದ್ರಣ ಯಂತ್ರ, ಅಚ್ಚುಮೊಳೆ, ಕಾಗದ, ಮೊಳೆ ಜೋಡಿಸುವವನ ಸಂಬಳ, ಬಾಕಿ ಉಳಿಸಿಕೊಳ್ಳುವ ಚಂದಾದಾರರು, ಹೀಗೆ ನೂರು ತಲೆನೋವು. ನಾಳೆ ಬೆಳಿಗ್ಗೆ ಪರವಾನಗಿ ಹೋಗಬಹುದು ಅನ್ನೋ ಕಸುಬಿಗೆ ಯಾರು ಸಾಲ ಕೊಡ್ತಾರೆ? ಯಾರು ವರ್ಷದ ಜಾಹೀರಾತು ಕೊಡ್ತಾರೆ? ಸರ್ಕಾರ ಒಂದೇ ಒಂದು ಪತ್ರಿಕೆಯನ್ನು ಮುಚ್ಚಿಸದೆ ಇದ್ದರೂ ಆ ಅಧಿಕಾರ ಪುಸ್ತಕದಲ್ಲಿದೆ ಅನ್ನೋದೇ ಸಾಕು, ಬಂಡವಾಳ ಹಿಂದೆ ಸರಿಯುತ್ತೆ. ದಂಡಕ್ಕಿಂತ ಅನಿಶ್ಚಿತತೆಗೆ ಬೆಲೆ ಜಾಸ್ತಿ. ಕಾಯ್ದೆಯ ಆರ್ಥಿಕ ಪರಿಣಾಮ ಅಳೆಯುವ ಯಾರಾದರೂ ಮೊದಲು ಕಲಿಯಬೇಕಾದ ಪಾಠ ಇದು. ಡಿವಿಜಿಗೆ ಅದು 21ನೇ ವಯಸ್ಸಿಗೆ, ಸ್ವಂತ ಅನ್ನದ ಮೇಲೆ ಬಂದು ಬಿತ್ತು.

ಸುಳ್ಳು ಸುದ್ದಿ ತಡೆಯುವ ಹೆಸರಿನಲ್ಲಿ 2025ರ ಜೂನ್‌ನಲ್ಲಿ ಹೊರಬಿದ್ದ ರಾಜ್ಯದ ಕರಡು ಮಸೂದೆ ನೆನಪಿಸಿಕೊಳ್ಳಿ. 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ, ಯಾವುದು ಸುಳ್ಳು ಅಂತ ಹೇಳೋಕೆ ಒಂದು ಪ್ರಾಧಿಕಾರ. ನೀವು ಈಗ ಓದುತ್ತಿರುವಂಥ ಸಣ್ಣ ಡಿಜಿಟಲ್ ಸುದ್ದಿತಾಣಗಳ ಮೇಲೆ ಅದರ ಪರಿಣಾಮ ಏನು ಅಂತ ತಿಳಿಯೋಕೆ 1908ಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಗೋಖಲೆ ಶಾಲೆಯ ಶಿಸ್ತು

1913ರಲ್ಲಿ, ಅದೇ ಕಾಯ್ದೆ ಜಾರಿಯಲ್ಲಿದ್ದಾಗಲೇ, ಡಿವಿಜಿ 'ಕರ್ನಾಟಕ' ಅನ್ನೋ ಇಂಗ್ಲಿಷ್ ಅರ್ಧವಾರ ಪತ್ರಿಕೆ ಶುರುಮಾಡಿದರು. ವಿಶ್ವೇಶ್ವರಯ್ಯನವರು ದಿವಾನರಾಗಿ ಆಗಿನ್ನೂ ಕೆಲವೇ ತಿಂಗಳು. ಆ ಕಾಲದ ಮೈಸೂರು ಆರ್ಥಿಕ ಪ್ರಯೋಗಗಳ ಊರು. 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾಗಿತ್ತು. ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯಕ್ಕೆ ಬೇರೆ ಬೇರೆ ಸಮಿತಿಗಳಿದ್ದವು, ಅಧಿಕಾರಿಗಳ ಜೊತೆ ಖಾಸಗಿಯವರೂ ಕೂರುತ್ತಿದ್ದರು. 1913ರಲ್ಲಿ ಮೈಸೂರು ಬ್ಯಾಂಕ್ ಬಂತು. 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಬಂತು, ಅದೇ ಇವತ್ತಿನ ಎಫ್‌ಕೆಸಿಸಿಐ.

ಡಿವಿಜಿಗೆ ವಿಶ್ವೇಶ್ವರಯ್ಯನವರ ಮೇಲೆ ಅಪಾರ ಗೌರವ. ಆದರೆ ಅವರ ರಾಜಕೀಯದ ಗುರು ಗೋಪಾಲಕೃಷ್ಣ ಗೋಖಲೆ. ಇದು ಮುಖ್ಯ. ಗೋಖಲೆ 1902ರಿಂದ ವೈಸರಾಯ್ ಶಾಸನ ಸಭೆಯಲ್ಲಿ ಬಜೆಟ್ ಮೇಲೆ ಮಾತಾಡುವಾಗ ಸರ್ಕಾರದ್ದೇ ಅಂಕಿ ಅಂಶ ಹಿಡಿದು ಸರ್ಕಾರವನ್ನು ಪ್ರಶ್ನಿಸುತ್ತಿದ್ದರು. ಖಜಾನೆಯಲ್ಲಿ ಹಣ ಮಿಕ್ಕಿದೆ ಅಂದರೆ ಬಡವನ ಮೇಲೆ ಉಪ್ಪಿನ ತೆರಿಗೆ ಇಷ್ಟು ಯಾಕೆ ಅನ್ನೋ ಥರದ ಪ್ರಶ್ನೆಗಳು. ಘೋಷಣೆಯ ಜಾಗದಲ್ಲಿ ಲೆಕ್ಕ ಇರುತ್ತಿತ್ತು. 1903ರಲ್ಲಿ ಉಪ್ಪಿನ ತೆರಿಗೆ ಇಳಿಯಿತು ಕೂಡ. ಡಿವಿಜಿ ಗೋಖಲೆಯವರ ಜೀವನ ಚರಿತ್ರೆ ಬರೆದರು. ಮುಂದೆ 1945ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಾರ್ವಜನಿಕ ವಿಚಾರ ಸಂಸ್ಥೆಗೂ ಅವರದೇ ಹೆಸರಿಟ್ಟರು. ಅವರು ನಡೆಸಿದ ಇನ್ನೊಂದು ಪತ್ರಿಕೆಯ ಹೆಸರು ನೋಡಿ: 'ಕರ್ನಾಟಕ ಜನಜೀವನ ಮತ್ತು ಅರ್ಥಸಾಧಕ ಪತ್ರಿಕೆ'. ಜನಜೀವನದ ಪಕ್ಕದಲ್ಲೇ ಅರ್ಥ, ಎರಡೂ ಒಂದೇ ತಲೆಬರಹದಲ್ಲಿ.

ನೂರು ವರ್ಷದ ಹಿಂದೆ ಇದ್ದ ನಿಯಮ

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಭಾಗ. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ 144 ಜನರ ಪ್ರಜಾ ಪ್ರತಿನಿಧಿ ಸಭೆ ಮೊದಲ ಸಲ ಸೇರಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ಬ್ರಜೇಂದ್ರನಾಥ ಶೀಲ್ ಸಮಿತಿಯ ಶಿಫಾರಸಿನ ಮೇಲೆ 1923ರಲ್ಲಿ ಪ್ರಜಾ ಪ್ರತಿನಿಧಿ ಸಭೆಗೆ ಕಾನೂನಿನ ಬಲ ಸಿಕ್ಕಿತು. ಅದರ ಜೊತೆಗೆ ಒಂದು ಹಕ್ಕೂ ಬಂತು: ಮಸೂದೆ ನ್ಯಾಯವಿಧಾಯಕ ಸಭೆಗೆ ಹೋಗುವ ಮುಂಚೆ ಅದರ ಮೂಲ ತತ್ವಗಳ ಬಗ್ಗೆ ಈ ಸಭೆಯ ಅಭಿಪ್ರಾಯ ಕೇಳಬೇಕು. ಹೊಸ ತೆರಿಗೆ ಹಾಕುವ ಮುಂಚೆಯೂ ಕೇಳಬೇಕು.

ಅಂದರೆ ಕಾಯ್ದೆಗೆ ಮುಂಚೆ ಸಮಾಲೋಚನೆ ಅನ್ನೋದು ಹೊರಗಿನಿಂದ ತಂದ ಹೊಸ ಸರಕಲ್ಲ. ನಮ್ಮದೇ ಸಂಸ್ಥಾನದ ನಿಯಮ. 2014ರಲ್ಲಿ ಕೇಂದ್ರ ಸರ್ಕಾರ ತನ್ನ ಇಲಾಖೆಗಳಿಗೆ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ. ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಿ, ಹಣಕಾಸಿನ ಪರಿಣಾಮ ಹೇಳಿ, ಬದುಕು ಮತ್ತು ಜೀವನೋಪಾಯದ ಮೇಲಿನ ಪರಿಣಾಮದ ಅಂದಾಜು ಕೊಡಿ ಅನ್ನೋದು ಆ ನೀತಿ. ರಾಜ್ಯಗಳನ್ನು ಅದು ಕಟ್ಟಿಹಾಕಲ್ಲ. ಅಮೆರಿಕದಲ್ಲಿ 1980ರಿಂದಲೇ ಕೇಂದ್ರದ ನಿಯಮಗಳು ಸಣ್ಣ ಉದ್ಯಮಕ್ಕೆ ಎಷ್ಟು ಹೊರೆ ಅಂತ ಬೇರೆಯಾಗಿ ಅಳೆಯಬೇಕು ಅನ್ನೋ ಕಾನೂನಿದೆ.

ನಮ್ಮ ವಿಧಾನಸಭೆಯಲ್ಲಿ ಏನಿದೆ? ಮಸೂದೆಯ ಕೊನೆಗೆ ಉದ್ದೇಶ ಮತ್ತು ಕಾರಣಗಳ ಹೇಳಿಕೆ ಇರುತ್ತೆ, ಆಮೇಲೆ ಆರ್ಥಿಕ ಜ್ಞಾಪನ ಪತ್ರ. ಆ ಪತ್ರ ಕೇಳೋದು ಖಜಾನೆಗೆ ಖರ್ಚೆಷ್ಟು ಅಂತ. ಖರ್ಚು ಕಾರ್ಖಾನೆ, ಅಂಗಡಿ ಅಥವಾ ಕೂಲಿಯವನ ತಲೆ ಮೇಲೆ ಬಿದ್ದರೆ, ಹೆಚ್ಚುವರಿ ವೆಚ್ಚ ಇಲ್ಲ ಅಂತ ಒಂದು ಸಾಲು ಬರೆದು ಮುಗಿಸಬಹುದು. ಸರ್ಕಾರದ ಜೇಬಿನ ಲೆಕ್ಕ ಇದೆ, ನಮ್ಮ ಜೇಬಿನ ಲೆಕ್ಕ ಇಲ್ಲ.

ಡಿವಿಜಿ 1926ರಿಂದ 1940ರವರೆಗೆ ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದರು. ಬಹುಪಾಲು ಕಾಲ ಮಿರ್ಜಾ ಇಸ್ಮಾಯಿಲ್ ದಿವಾನರು. ಈ ವರ್ಷಗಳಲ್ಲೇ, 1928ರಲ್ಲಿ, ಬಾಗಲಕೋಟೆಯಲ್ಲಿ ಸೇರಿದ ಪತ್ರಕರ್ತರ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪತ್ರಿಕೆಗಳ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದರು, ರಾಜ್ಯಶಾಸ್ತ್ರದ ಬಗ್ಗೆಯೂ ಬರೆದರು. ಕಾಯ್ದೆ ಮಾಡುವ ಮನೆಯಲ್ಲಿ ಕೂತು, ಕಾಯ್ದೆ ಅಂದರೇನು ಅಂತ ಹೊರಗಿನವರಿಗೆ ಅವರ ಭಾಷೆಯಲ್ಲಿ ಹೇಳುವ ಕೆಲಸ ಅದು. ಇಂಗ್ಲಿಷ್‌ನಲ್ಲಿ ಮಾತ್ರ ಇರುವ ಕರಡನ್ನು ಶ್ರೀನಿವಾಸಪುರದ ಮಾವಿನ ಬೆಳೆಗಾರ ಓದೋಕಾಗಲ್ಲ ಅನ್ನೋ ಸರಳ ಸಂಗತಿ ಅವರಿಗೆ ಗೊತ್ತಿತ್ತು, ವಿಧಾನಸೌಧಕ್ಕೆ ಇನ್ನೂ ಪೂರ್ತಿ ಗೊತ್ತಿಲ್ಲ.

ಯಾರನ್ನು ಕೇಳಲಿಲ್ಲ?

ಇಷ್ಟು ಹೇಳಿ ನಿಲ್ಲಿಸಿದರೆ ಇದು ಭಜನೆ ಆಗುತ್ತೆ. ಆ ಮೈಸೂರಿನ ಸಮಾಲೋಚನೆಗೆ ದೊಡ್ಡ ಮಿತಿ ಇತ್ತು. ಮತದಾನದ ಹಕ್ಕು ಆಸ್ತಿ, ತೆರಿಗೆ, ಓದಿನ ಮೇಲೆ ನಿಂತಿತ್ತು. ಕೇಳುತ್ತಿದ್ದರು ನಿಜ, ಆದರೆ ಉಳ್ಳವರನ್ನು ಕೇಳುತ್ತಿದ್ದರು. ಡಿವಿಜಿಯವರ ಉದಾರವಾದವೂ ಮಹಾರಾಜರ ನೆರಳಿನಲ್ಲಿ, ಬಸವನಗುಡಿಯ ಓದುಗ ವಲಯದಲ್ಲಿ ಬೆಳೆದದ್ದು. ಗಣಿಯ ಕೆಳಗಿಳಿಯುವವರ ದನಿ ಆ ವಲಯಕ್ಕೆ ಅಷ್ಟಾಗಿ ಕೇಳಿಸುತ್ತಿರಲಿಲ್ಲ.

1930ರಲ್ಲಿ ಅವರ ಜಿಲ್ಲೆಯಲ್ಲೇ ಅದು ಬಯಲಾಯಿತು. ಕೆಜಿಎಫ್ ಕಾರ್ಮಿಕರು ಕಡ್ಡಾಯವಾಗಿ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಅನ್ನೋ ನಿಯಮ ಬಂತು. ಚಿನ್ನ ಕಳವು, ಕೆಲಸಗಾರರ ಓಡಾಟ ಎಲ್ಲವನ್ನೂ ಹಿಡಿತಕ್ಕೆ ತರೋದು ಗಣಿ ಕಂಪನಿಗಳಿಗೆ ಅನುಕೂಲ. ಕಾರ್ಮಿಕರಿಗೆ ಮಾತ್ರ ಅದು ತಮ್ಮನ್ನು ಕಳ್ಳರ ಸಾಲಿಗೆ ಸೇರಿಸಿದಂತೆ. ಸಾವಿರಾರು ಜನ ಸುಮಾರು 3 ವಾರ ಕೆಲಸ ನಿಲ್ಲಿಸಿದರು, ನಿಯಮ ಹಿಂದೆ ಸರಿಯಿತು. ಇಲ್ಲಿ ಉದ್ಯಮದ ಹಿತ ಲೆಕ್ಕಕ್ಕೆ ಬಂದಿತ್ತು, ಕೆಲಸಗಾರನ ಮಾನ ಬಂದಿರಲಿಲ್ಲ. ಆ ಮಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತಪ್ಪಿಗೆ ಕೊನೆಗೆ ಬೆಲೆ ಕಟ್ಟಿದ್ದು ಉದ್ಯಮವೇ.

ಹಾಗಾಗಿ ಕಾಯ್ದೆಯ ಆರ್ಥಿಕ ಪರಿಣಾಮ ಅಳೆಯಿರಿ ಅಂದ ತಕ್ಷಣ ಅದನ್ನು ಮಾಲೀಕರ ಪರ ಬೇಡಿಕೆ ಅಂತ ಓದಬೇಡಿ. ಮಾಲೀಕರಿಗೆ ಆ ಅಳತೆ ಬೇಕಾಗೇ ಇಲ್ಲ. ಅವರಿಗೆ ಎಫ್‌ಕೆಸಿಸಿಐ ಇದೆ, ನಾಸ್ಕಾಂ ಇದೆ, ಸಚಿವರ ಮೊಬೈಲ್ ನಂಬರ್ ಇದೆ. 2024ರ ಜುಲೈಯಲ್ಲಿ 2 ದಿನ ಸಾಕಾಯಿತು. 2023ರ ಫೆಬ್ರುವರಿಯಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಮಾಡಿ ದಿನಕ್ಕೆ 12 ಗಂಟೆ ಕೆಲಸಕ್ಕೆ, 3 ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮನ್ನು 145ಕ್ಕೆ ಏರಿಸೋಕೆ ದಾರಿ ಮಾಡಿದಾಗ, ನರಸಾಪುರಕ್ಕೆ ಬಸ್ಸು ಹತ್ತುವ ಹೆಣ್ಣುಮಕ್ಕಳ ದಿನ ಮನೆಯಿಂದ ಮನೆಗೆ ಎಷ್ಟು ಗಂಟೆಯಾಗುತ್ತೆ ಅಂತ ಸದನದಲ್ಲಿ ಯಾರ ಹತ್ತಿರ ಲೆಕ್ಕ ಇತ್ತು? ಅದೇ ನರಸಾಪುರದಲ್ಲಿ 2020ರ ಡಿಸೆಂಬರ್ 12ರಂದು ವಿಸ್ಟ್ರಾನ್ ಘಟಕದಲ್ಲಿ ಸಂಬಳ, ಓವರ್‌ಟೈಮ್ ವಿಚಾರಕ್ಕೇ ಗಲಭೆಯಾಗಿತ್ತು.

ನಾಲ್ಕು ತಾಲ್ಲೂಕಿನ ಒಂದು ಹಾಳೆ

ಸ್ಥಳೀಯರ ಮೀಸಲು ಮಸೂದೆಯನ್ನೇ ತೆಗೆದುಕೊಂಡು ಗೋಖಲೆ ಶಾಲೆಯ ಪ್ರಶ್ನೆಗಳನ್ನು ಕೇಳಿ ನೋಡೋಣ.

ಕೋಲಾರ: ನರಸಾಪುರ, ವೇಮಗಲ್‌ನ ದೊಡ್ಡ ಕಾರ್ಖಾನೆಗಳಲ್ಲಿ ಗುತ್ತಿಗೆ ಏಜೆನ್ಸಿ ಮೂಲಕ ಬರುವವರು ಯಾರ ಲೆಕ್ಕಕ್ಕೆ? ಕಂಪನಿಯ ಲೆಕ್ಕಕ್ಕಲ್ಲ ಅಂದರೆ ಶೇ 70 ಕಾಗದದ ಮೇಲೆ ತುಂಬುತ್ತೆ, ನಮ್ಮ ಹುಡುಗರಿಗೆ ಕಾಯಂ ಕೆಲಸ ಸಿಗಲ್ಲ.

ಮಾಲೂರು: ಉಲ್ಲಂಘನೆಗೆ ದಂಡ 10 ಸಾವಿರದಿಂದ 25 ಸಾವಿರ ರೂಪಾಯಿ ಅಂತ ಕರಡಿನಲ್ಲಿತ್ತು. ಬಹುರಾಷ್ಟ್ರೀಯ ಕಂಪನಿಗೆ ಇದು ಒಂದು ಮಧ್ಯಾಹ್ನದ ಊಟದ ಬಿಲ್ಲು. ಹೊರ ರಾಜ್ಯದ ಕೂಲಿಗಳನ್ನು ನಂಬಿದ ಇಟ್ಟಿಗೆ ಗೂಡಿನವನಿಗೆ ನಿಜವಾದ ಪೆಟ್ಟು. ದೊಡ್ಡವನು ದಂಡ ಕಟ್ಟಿ ಮುಂದುವರಿಯುತ್ತಾನೆ, ಚಿಕ್ಕವನು ಇನ್‌ಸ್ಪೆಕ್ಟರ್ ಬಂದಾಗೆಲ್ಲ ಹೆದರುತ್ತಾನೆ.

ಮುಳಬಾಗಿಲು: ಕರಡಿನ ಪ್ರಕಾರ ಸ್ಥಳೀಯ ಅಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಇಲ್ಲಿ ನೆಲೆಸಿ, ಕನ್ನಡ ಓದು ಬರಹ ಬಲ್ಲವರು. ಗಡಿಯಾಚೆ ಪಲಮನೇರಿನಲ್ಲಿ ಹುಟ್ಟಿ ಮುಳಬಾಗಿಲಿಗೆ ಸೊಸೆಯಾಗಿ ಬಂದ ಹೆಣ್ಣುಮಗಳು 30 ವರ್ಷ ಇಲ್ಲಿದ್ದರೂ, ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿದರೂ ಸ್ಥಳೀಯಳಲ್ಲ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ತಾಲ್ಲೂಕಿನಲ್ಲಿ ಈ ಒಂದು ಸಾಲು ಎಷ್ಟು ಕುಟುಂಬಗಳನ್ನು ಹೊರಗಿಡುತ್ತೆ? ಬೆಂಗಳೂರಿನಲ್ಲಿ ಕೂತವರಿಗೆ ಈ ಪ್ರಶ್ನೆ ಹೊಳೆಯೋದು ಕಷ್ಟ. ಕೇಳಿದ್ದರೆ ಮುಳಬಾಗಿಲಿನವರು ಅರ್ಧ ನಿಮಿಷದಲ್ಲಿ ಹೇಳುತ್ತಿದ್ದರು.

ಶ್ರೀನಿವಾಸಪುರ: ಪಕ್ಕದವರು ಇದೇ ತರ್ಕ ಹಿಡಿದರೆ ನಮಗೇನಾಗುತ್ತೆ ಅಂತ ಇಲ್ಲಿಯವರನ್ನು ಕೇಳಿ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಮಾವಿಗೆ ತಡೆ ಹಾಕಿತು. ಅಲ್ಲಿನ ರೈತರಿಗೆ ತಿರುಳು ಕಾರ್ಖಾನೆಗಳಿಂದ ಕಿಲೋಗೆ 8 ರೂಪಾಯಿ, ಸರ್ಕಾರದಿಂದ 4 ರೂಪಾಯಿ ಅಂತ ನಿಗದಿಯಾಗಿತ್ತು. ನಮ್ಮ ಮಾವು ಹೋದರೆ ಅವರ ಲೆಕ್ಕ ತಪ್ಪುತ್ತಿತ್ತು. ಆ ಕಾರ್ಖಾನೆಗಳನ್ನೇ ನಂಬಿದ್ದ ಶ್ರೀನಿವಾಸಪುರದ ಬೆಳೆಗಾರರು ಬೀದಿಗೆ ಬಂದರು, ನಮ್ಮ ಮುಖ್ಯಮಂತ್ರಿ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ಗಡಿ ಜಿಲ್ಲೆಗೆ ಸ್ಥಳೀಯ ಅನ್ನೋದು ಎರಡೂ ಕಡೆ ಹರಿತ ಇರುವ ಕತ್ತಿ.

ಈ ಹಾಳೆ ಮಸೂದೆ ಬೇಡ ಅಂತ ಹೇಳ್ತಿಲ್ಲ. ನಮ್ಮ ಜಮೀನು ಹೋದ ಜಾಗದಲ್ಲಿ ಎದ್ದ ಕಾರ್ಖಾನೆಯಲ್ಲಿ ನಮ್ಮವರಿಗೆ ಕೆಲಸ ಬೇಕು ಅನ್ನೋದು ನ್ಯಾಯವಾದ ಮಾತು. ಆದರೆ ಅಳೆಯದೆ ತಂದಿದ್ದು ನಿಲ್ಲಲ್ಲ. ತಿಂಗಳಿಗೆ 30 ಸಾವಿರದೊಳಗಿನ ಖಾಸಗಿ ಕೆಲಸಗಳಲ್ಲಿ ಶೇ 75 ಸ್ಥಳೀಯರಿಗೆ ಅಂದ ಹರಿಯಾಣದ ಕಾಯ್ದೆಯನ್ನು 2023ರ ನವೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟ್ ರದ್ದು ಮಾಡಿದ್ದು ಗೊತ್ತಿದ್ದೂ ನಾವು ಮುನ್ನುಗ್ಗಿದೆವು. ಅದೇ ಕಾರ್ಮಿಕ ಇಲಾಖೆ 2024ರ ಜೂನ್ ಕೊನೆಯಲ್ಲಿ ಗಿಗ್ ಕಾರ್ಮಿಕರ ಮಸೂದೆಯ ಕರಡನ್ನು ಜನರ ಮುಂದಿಟ್ಟಿತ್ತು. ಆಕ್ಷೇಪ ಬಂತು, ಚರ್ಚೆ ಆಯ್ತು, ತಡವಾಯ್ತು, 2025ರಲ್ಲಿ ಅದು ಕಾಯ್ದೆಯಾಯಿತು. ಪ್ರತಿ ವಹಿವಾಟಿನ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕಾದ ಕಂಪನಿಗಳಿಗೂ ಅದು ದಿಢೀರ್ ಸುದ್ದಿಯಾಗಲಿಲ್ಲ. ಕೆಲವೇ ವಾರಗಳ ಅಂತರದ ಎರಡು ಮಸೂದೆ, ಒಂದೇ ಇಲಾಖೆ. ಜನರ ಮುಂದೆ ಬಂದಿದ್ದು ಉಳಿಯಿತು, ಬರದಿದ್ದು 2 ದಿನಕ್ಕೆ ಬಿತ್ತು.

ತುರ್ತು ಪರಿಸ್ಥಿತಿಯಲ್ಲಿ ಹೋದ ಪತ್ರಕರ್ತ

ಸ್ವಾತಂತ್ರ್ಯದ ನಂತರ ಡಿವಿಜಿ ಯಾವ ಪಕ್ಷಕ್ಕೂ ಹೋಗಲಿಲ್ಲ. ಬುಲ್ ಟೆಂಪಲ್ ರಸ್ತೆಯ ಗೋಖಲೆ ಸಂಸ್ಥೆಯೇ ಅವರ ಮನೆಯಾಯಿತು. ಅಲ್ಲಿ ಅಧ್ಯಯನ ಗೋಷ್ಠಿ, ಗ್ರಂಥಾಲಯ, ಸಾರ್ವಜನಿಕ ವಿಚಾರಗಳ ಬಗ್ಗೆ ಒಂದು ಇಂಗ್ಲಿಷ್ ಮಾಸಪತ್ರಿಕೆ. ಹಣ ಯಾವತ್ತೂ ಕಡಿಮೆಯೇ. 1970ರಲ್ಲಿ ಜನ ಸೇರಿ ಸನ್ಮಾನ ಮಾಡಿ ಕೊಟ್ಟ ನಿಧಿಯನ್ನು ಅವರು ಪೂರ್ತಿ ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಇದನ್ನು ತ್ಯಾಗ ಅಂತ ಹೊಗಳೋಕಿಂತ ಸಂಸ್ಥೆ ಕಟ್ಟುವ ಜಾಣತನ ಅಂತ ಓದೋದು ಸರಿ. ಸರ್ಕಾರದ ಕಾಯ್ದೆಯನ್ನು ಅಳೆಯುವವನು ಸರ್ಕಾರದ ಹಣದಲ್ಲೂ ಇರಬಾರದು, ಕಂಪನಿಯ ಹಣದಲ್ಲೂ ಇರಬಾರದು. ಇವತ್ತು ನಮ್ಮ ಹತ್ತಿರ ವರದಿ ಬರೆಯುವ ಕನ್ಸಲ್ಟೆನ್ಸಿಗಳಿಗೆ ಕೊರತೆಯಿಲ್ಲ. ಇಬ್ಬರಿಗೂ ಸಾಲದ ಋಣ ಇಲ್ಲದ ಅಳತೆಗಾರನಿಗೆ ಕೊರತೆಯಿದೆ.

1974ರಲ್ಲಿ ಪದ್ಮಭೂಷಣ ಬಂತು. 1975ರ ಅಕ್ಟೋಬರ್ 7ರಂದು ಅವರು ತೀರಿಕೊಂಡರು. ರಂಗಾಚಾರ್ಲು ಅವರ ಪ್ರಜಾ ಪ್ರತಿನಿಧಿ ಸಭೆ ಮೊದಲ ಸಲ ಸೇರಿದ ಅದೇ ತಾರೀಖು. ಆಗ ತುರ್ತು ಪರಿಸ್ಥಿತಿ, ಪತ್ರಿಕೆಗಳ ಮೇಲೆ ಸೆನ್ಸಾರ್. 1908ರ ಕಾಯ್ದೆಯ ಕೆಳಗೆ ಕಸುಬು ಕಲಿತ ಪತ್ರಕರ್ತ ಇನ್ನೊಂದು ಸೆನ್ಸಾರ್ ಕೆಳಗೆ ಕಣ್ಣು ಮುಚ್ಚಿದರು. ಸಂಸ್ಥಾನ ಹೋಗಿ ಗಣರಾಜ್ಯ ಬಂದಿತ್ತು. ಕೇಳದೆ ಕಾಯ್ದೆ ಮಾಡುವ ಅಭ್ಯಾಸ ಮಾತ್ರ ಉಳಿದಿತ್ತು.

ನಾವು ಕೇಳಬೇಕಾದ್ದು ದೊಡ್ಡದೇನಲ್ಲ. ಖಾಸಗಿ ಉದ್ಯಮದ ಮೇಲೆ ಹೊರೆ ಹಾಕುವ ಪ್ರತಿ ಮಸೂದೆಯ ಜೊತೆ ಕನ್ನಡದಲ್ಲಿ ಒಂದು ಹಾಳೆ ಇರಲಿ. ಯಾರು ಕಟ್ಟುತ್ತಾರೆ, ಎಷ್ಟು, ಯಾರಿಗೆ ಲಾಭ, 10 ಜನ ಕೆಲಸ ಮಾಡುವ ಘಟಕಕ್ಕೂ 10 ಸಾವಿರ ಜನರ ಕಾರ್ಖಾನೆಗೂ ವ್ಯತ್ಯಾಸವೇನು, ಕೆಲಸಗಾರರಿಗೆ ಏನು, ಗಡಿ ತಾಲ್ಲೂಕುಗಳಿಗೆ ಏನು. 30 ದಿನ ಜನರ ಮುಂದಿಡಲಿ. ಜಾರಿಯಾಗಿ 2 ವರ್ಷಕ್ಕೆ ಆ ಅಂದಾಜು ಎಷ್ಟು ನಿಜವಾಯಿತು ಅಂತ ಸದನದಲ್ಲಿ ಹೇಳಲಿ. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಡ, ಸದನದ ನಿಯಮಾವಳಿಗೆ ಒಂದು ಸಾಲು ಸೇರಿಸಿದರೆ ಸಾಕು.

ಮುಂದಿನ ಅಧಿವೇಶನಕ್ಕೆ ಮುಂಚೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಶಾಸಕರು ನಿಮ್ಮ ಊರಿಗೆ ಮದುವೆಗೋ ಗುದ್ದಲಿ ಪೂಜೆಗೋ ಬಂದೇ ಬರ್ತಾರೆ. ಪಕ್ಷ ಯಾವುದಾದರೂ ಇರಲಿ, ಹೋದ ಸಲ ನೀವು ಕೈ ಎತ್ತಿದ ಮಸೂದೆಯ ಬಿಲ್ ನಮ್ಮ ತಾಲ್ಲೂಕಿನಲ್ಲಿ ಯಾರು ಕಟ್ಟುತ್ತಿದ್ದಾರೆ ಅಂತ ಕೇಳಿ. ಉತ್ತರ ಬರದಿದ್ದರೆ ಇನ್ನೊಂದು ಸಲ ಕೇಳಿ.